ನಕ್ಷೆಯಲ್ಲಿದ್ದ ಒಂಟಿ ಮನೆ

ಆರೋಗ್ಯ ಕಚೇರಿಯಲ್ಲಿ ಅವರನ್ನು ಎಲ್ಲರೂ ಅಳತೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಇಲ್ಲಿಗೆ ಬರುವ ಮೊದಲು ಹನ್ನೆರಡು ವರ್ಷ ಭೂಮಾಪನ ಕಲಿಸುವ ಶಾಲೆಯಲ್ಲಿ ಪಾಠ ಹೇಳಿದ್ದವರು. ಶಾಲೆ ಬಿಟ್ಟರೂ ಅಳತೆ ಅವರನ್ನು ಬಿಟ್ಟಿರಲಿಲ್ಲ. ಯಾರಾದರೂ ಕುರ್ಚಿ ಸರಿಸಿದರೆ ಅದಕ್ಕೂ ಗೋಡೆಗೂ ಈಗ ಎಷ್ಟು ಅಂತರ ಎಂದು ಕಣ್ಣಲ್ಲೇ ಅಳೆಯುವರು. "ಮೇಷ್ಟ್ರಿಗೆ ಟೀ ಕೊಟ್ರೆ ಲೋಟದಲ್ಲಿ ಎಷ್ಟು ಗುಟುಕಿದೆ ಅಂತ ನೋಡಿ ಆಮೇಲೆ ಕುಡೀತಾರೆ" ಎಂದು ಔಷಧಿ ಕೌಂಟರಿನವನು ನಗಾಡುತ್ತಿದ್ದ. ಮೇಷ್ಟ್ರೂ ನಗುತ್ತಿದ್ದರು. ಆ ಹೆಸರು ಅವರಿಗೆ ಇಷ್ಟವೇ ಆಗಿತ್ತು.

ಆ ವರ್ಷ ಕಚೇರಿಗೆ ದೊಡ್ಡ ಕೆಲಸ ಬಂತು. ಎಚ್‌ಐವಿ ಹರಡದಂತೆ ತಡೆಯುವುದಕ್ಕೆ, ಈಗಾಗಲೇ ಸೋಂಕಿರುವವರಿಗೆ ಆಸರೆಯಾಗಿ ನಿಲ್ಲುವುದಕ್ಕೆ ಊರಿಗೆ ಏನೇನು ಬೇಕು ಎಂದು ಮೂರು ವರ್ಷದ ಯೋಜನೆ ಬರೆಯಬೇಕಿತ್ತು. ಪರೀಕ್ಷೆ ಎಲ್ಲಿ ಮಾಡಬೇಕು, ಮಾತ್ರೆ ಎಲ್ಲಿ ಕೊಡಬೇಕು, ಯಾರ ಮನೆಗೆ ನರ್ಸ್ ಹೋಗಬೇಕು, ಎಷ್ಟು ದಿನಕ್ಕೊಮ್ಮೆ, ಎಲ್ಲವೂ ಅದರಲ್ಲಿ ಇರಬೇಕು. ದೊಡ್ಡ ಡಾಕ್ಟರು ಆ ಹೊಣೆಯನ್ನು ಮೇಷ್ಟ್ರ ಹೆಗಲಿಗೆ ಹಾಕಿದರು.

ಮೇಷ್ಟ್ರು ಮೊದಲು ಹೋಗಿದ್ದು ಸೈಕಲ್ ಸಿಸ್ಟರ್ ಹತ್ತಿರ. ಊರಲ್ಲಿ ಸೋಂಕಿನವರ ಮನೆಗಳನ್ನು ಬಲ್ಲವಳು ಅವಳೊಬ್ಬಳೇ. ಬೇರೆ ನರ್ಸುಗಳು ಕಚೇರಿಯ ಜೀಪು ಬೇಕೆಂದು ಹಟ ಹಿಡಿದರೆ ಇವಳು ಜೀಪು ಬೇಡವೆಂದು ಹಟ ಹಿಡಿದವಳು. "ಜೀಪು ಬಂದು ನಿಂತ್ರೆ ಬೀದಿ ಪೂರ್ತಿ ಕಿಟಕಿ ತೆಗೀತದೆ. ಸೈಕಲ್ ಬಂದ್ರೆ ಯಾರು ನೋಡ್ತಾರೆ?" ಎನ್ನುವಳು. ಬಿಳಿ ಸಮವಸ್ತ್ರವನ್ನೂ ಹಾಕುತ್ತಿರಲಿಲ್ಲ. ಕ್ಯಾರಿಯರ್‌ನಲ್ಲಿ ತರಕಾರಿ ಚೀಲ, ಚೀಲದ ತಳದಲ್ಲಿ ಮಾತ್ರೆ ಡಬ್ಬಿ.

"ವಾರ್ಡ್ ಲೆಕ್ಕದಲ್ಲಿ ಕೊಡ್ತೀನಿ ಮೇಷ್ಟ್ರೇ. ಈ ವಾರ್ಡಲ್ಲಿ ಐದು, ಆ ವಾರ್ಡಲ್ಲಿ ಎಂಟು. ಸಾಕಲ್ವಾ?" ಎಂದಳು.

"ವಾರ್ಡ್ ಅಂದ್ರೆ ಒಂದು ಮೈಲಿ ಉದ್ದ ತಾಯಿ. ನೀನು ದಿನಕ್ಕೆ ಎಷ್ಟು ಸುತ್ತಬೇಕು, ಇನ್ನೊಬ್ಬ ನರ್ಸ್ ಬೇಕಾ ಬೇಡವಾ ಅಂತ ನಾನು ಹೇಗೆ ತೋರಿಸಲಿ? ಜಾಗ ಗೊತ್ತಿದ್ರೆ ದೂರ ತೋರಿಸಬಹುದು. ದೂರ ತೋರಿಸಿದ್ರೆ ನಿನಗೆ ಜೊತೆಗೊಬ್ಬಳು ಸಿಗ್ತಾಳೆ."

ಅವಳು ಯೋಚಿಸಿದಳು. ಆರು ವರ್ಷದಿಂದ ಒಬ್ಬಳೇ ಪೆಡಲ್ ತುಳಿದ ಮೊಣಕಾಲು ಅವಳದು. ಕೊನೆಗೆ ಒಂದು ಹಾಳೆಯಲ್ಲಿ ಮನೆಗಳ ಗುರುತು ಬರೆದುಕೊಟ್ಟಳು. ಹೆಸರಿರಲಿಲ್ಲ, ಬೀದಿ, ತಿರುವು, ಬಾಗಿಲಿನ ಬಣ್ಣ ಇತ್ತು. "ಇದು ನಿಮ್ಮ ಮೇಜು ಬಿಟ್ಟು ಆಚೆ ಹೋಗಬಾರದು" ಎಂದಳು.

"ನನ್ನ ಕೈಗೆ ಬಂತು ಅಂದ್ರೆ ಬಾವಿಗೆ ಬಿತ್ತು ಅಂತ ತಿಳ್ಕೋ" ಎಂದರು ಮೇಷ್ಟ್ರು.

ಆ ನಕ್ಷೆ ಬರೆಯಲು ಅವರು ಮೂರು ವಾರ ತೆಗೆದುಕೊಂಡರು. ಹಗಲು ಬೀದಿ ಬೀದಿ ನಡೆದು ಹೆಜ್ಜೆ ಎಣಿಸಿದರು, ತಪ್ಪು ಕಂಡಲ್ಲಿ ಅಳಿಸಿ ಮತ್ತೆ ಎಳೆದರು. ಮೂವತ್ತೊಂದು ಮನೆ, ಮೂವತ್ತೊಂದು ಕೆಂಪು ಚುಕ್ಕೆ. ಚುಕ್ಕೆಯಿಂದ ಚುಕ್ಕೆಗೆ ತೆಳ್ಳನೆಯ ನೀಲಿ ಗೆರೆ, ಪಕ್ಕದಲ್ಲಿ ದೂರ. ಎಲ್ಲ ಮುಗಿದ ಮೇಲೆ ಗೋಡೆಯಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿದರು. ತಮ್ಮ ಕೈಯಿಂದ ಇಷ್ಟು ಚೆಂದದ್ದು ಹೊರಬಂದು ವರ್ಷಗಳಾಗಿದ್ದವು.

ಯೋಜನೆ ಬಗ್ಗೆ ಊರವರ ಅಭಿಪ್ರಾಯ ಕೇಳಲು ಕಚೇರಿಯ ಸಭಾಂಗಣದಲ್ಲಿ ಎರಡು ದಿನ ಬಾಗಿಲು ತೆರೆದಿಟ್ಟಿದ್ದರು. ಸಿಸ್ಟರ್ ಆ ವಾರ ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದಳು. ಗೋಡೆಗೆ ಅಂಕಿಅಂಶದ ಪಟ್ಟಿಗಳನ್ನು ಅಂಟಿಸಿದ್ದರು, ಯಾರೂ ಅದರ ಮುಂದೆ ನಿಲ್ಲುತ್ತಿರಲಿಲ್ಲ. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಹೆಸರಿಲ್ಲ, ಮನೆ ನಂಬರಿಲ್ಲ, ಬರೀ ಚುಕ್ಕೆ ತಾನೇ ಎಂದುಕೊಂಡು ತಮ್ಮ ಕೋಣೆಯಿಂದ ನಕ್ಷೆ ತಂದು ಸಭಾಂಗಣದ ನಟ್ಟನಡುವೆ ತೂಗುಹಾಕಿದರು. 'ಮನೆ ಆರೈಕೆ ಬೇಕಿರುವ ಜಾಗಗಳು' ಎಂದು ಮೇಲೆ ದಪ್ಪಗೆ ಬರೆದರು. ಜನ ಬಂದರು, ಬೆರಳಿಟ್ಟು ನೋಡಿದರು, ತಮ್ಮ ಬೀದಿ ಹುಡುಕಿದರು, ಬೆರಗಾದರು. "ಎಷ್ಟು ಕರಾರುವಾಕ್ಕಾಗಿದೆ!" ಎಂದು ಒಬ್ಬ ಅಧ್ಯಾಪಕಿ ಹೇಳಿದಾಗ ಮೇಷ್ಟ್ರ ಎದೆ ಒಂದಿಂಚು ಉಬ್ಬಿತು. ಎರಡನೆಯ ದಿನ ಸಂಜೆ ಅವರೇ ಅದನ್ನು ಸುತ್ತಿ ಕೋಣೆಗೆ ತಂದಿಟ್ಟರು.

ನಾಲ್ಕು ದಿನ ಕಳೆದ ಮೇಲೆ ಅವರು ಮನೆಗೆ ಹೋದಾಗ ಹೆಂಡತಿ ಬಟ್ಟೆಯ ಗಂಟೊಂದನ್ನು ಮಡಚುತ್ತಿದ್ದಳು.

"ರೀ, ನಿಮ್ಮ ಅಂಗಿ ಬಟ್ಟೆ ವಾಪಸ್ ತಂದುಬಿಟ್ಟೆ. ಪರದೆ ಬಟ್ಟೇನೂ ತಂದೆ."

"ಯಾಕೆ? ಆ ಟೈಲರಮ್ಮ ಚೆನ್ನಾಗಿ ಹೊಲೀತಾಳೆ ಅಂತಿದ್ದೆ."

"ಹೊಲಿಗೆಗೇನು, ಚೆನ್ನಾಗೇ ಇದೆ." ಹೆಂಡತಿ ದನಿ ತಗ್ಗಿಸಿದಳು. "ಅವಳಿಗೆ ಆ ಕಾಯಿಲೆ ಇದೆಯಂತೆ. ಎಲ್ಲರೂ ಬಟ್ಟೆ ವಾಪಸ್ ತರ್ತಿದ್ದಾರೆ. ಶಾಲೆಯವರೂ ಯೂನಿಫಾರ್ಮ್ ಬಟ್ಟೆ ತಗೊಂಡು ಹೋದ್ರಂತೆ."

"ಬಟ್ಟೆಯಿಂದ ಬರಲ್ಲ ಕಣೇ. ಮುಟ್ಟಿದ್ರೂ ಬರಲ್ಲ. ಇಷ್ಟು ವರ್ಷ ಅದನ್ನೇ ಅಲ್ವಾ ನಾನು ಊರಿಗೆಲ್ಲ ಹೇಳ್ತಾ ಇರೋದು?"

"ನನಗೂ ಗೊತ್ತು. ಆದ್ರೆ ಎಲ್ಲರೂ ತಂದಾಗ ನಾನೊಬ್ಬಳೇ ಬಿಟ್ಟು ಬಂದ್ರೆ..." ಅವಳು ಅಂಗಿ ಬಟ್ಟೆಯನ್ನು ಬೇಗ ಬೇಗ ಮಡಚಿದಳು.

"ಯಾರು ಹೇಳಿದ್ದು ಇದನ್ನ?"

"ನೀರಿನ ಮೀಟರ್ ಓದೋಕೆ ಬರ್ತಾನಲ್ಲ, ಅವನಂತೆ. ನಿಮ್ಮ ಆಸ್ಪತ್ರೆ ಕಾಗದದಲ್ಲೇ ನೋಡಿದೆ ಅಂದನಂತೆ. ಅವನ ಮಾತು ನಿಜವೋ ಸುಳ್ಳೋ ಯಾರಿಗೆ ಗೊತ್ತು, ಊರ ಬಾಯಿಗೆ ಮುಚ್ಚಳ ಇದೆಯಾ?"

ಮೇಷ್ಟ್ರು ಬಿಚ್ಚಿದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಕಚೇರಿಗೆ ಹೋದರು. ಕೋಣೆಯ ಬಾಗಿಲು ಹಾಕಿ ನಕ್ಷೆ ಬಿಚ್ಚಿದರು. ಐಸ್ ಕಾರ್ಖಾನೆ ಹಿಂದೆ ಗಲ್ಲಿ ಮುಗಿದು, ಆಮೇಲೆ ಖಾಲಿ ಜಾಗ. ಆ ಖಾಲಿಯ ಕೊನೆಯಲ್ಲಿ ಒಂದು ಕೆಂಪು ಚುಕ್ಕೆ. ಅಲ್ಲಿರುವುದು ಒಂದೇ ಮನೆ, ಟೈಲರಮ್ಮನದು. ಗಲ್ಲಿಯ ಬಾಯಿಯಿಂದ ನೂರ ನಲವತ್ತು ಹೆಜ್ಜೆ, ಅವರೇ ಎಣಿಸಿದ್ದು. ಮನೆ ಮನೆ ತಿರುಗುವ ಮೀಟರಿನವನಿಗೆ ಹೆಸರು ಏಕೆ ಬೇಕು?

ಮೇಷ್ಟ್ರು ಕುರ್ಚಿಯಲ್ಲಿ ಕೂತರು. ಆ ಹೊತ್ತಿಗೆ ಎದ್ದು ನೇರ ಡಾಕ್ಟರ ಕೋಣೆಗೆ ಹೋಗಿದ್ದರೆ ಅವರ ತಪ್ಪು ಅಷ್ಟಕ್ಕೇ ನಿಲ್ಲುತ್ತಿತ್ತು. ಹೋಗಲಿಲ್ಲ. ನಕ್ಷೆಯನ್ನು ಚೂರು ಚೂರು ಹರಿದು ಬ್ಯಾಗಿಗೆ ತುಂಬಿಕೊಂಡು ಮನೆಗೆ ತಂದರು. ಮರುದಿನ ಹೊಸ ಹಾಳೆಯಲ್ಲಿ ವಾರ್ಡುಗಳಿಗಷ್ಟೇ ತಿಳಿ ಬಣ್ಣ, ಕಡು ಬಣ್ಣ ಬಳಿದು ಬೇರೊಂದು ನಕ್ಷೆ ಮಾಡಿದರು. ಎಲ್ಲೂ ಒಂದು ಚುಕ್ಕೆ ಇಲ್ಲ.

ಅದೇ ದಿನ ಟೈಲರಮ್ಮ ಕಚೇರಿಗೆ ಬಂದಿದ್ದಳು. ಡಾಕ್ಟರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವಳು ಅಳುತ್ತಿರಲಿಲ್ಲ, ಕೂಗಲೂ ಇಲ್ಲ. "ನನ್ನ ವಿಷಯ ಗೊತ್ತಿದ್ದಿದ್ದು ನಿಮ್ಮೋರಿಗೆ ಮಾತ್ರ. ಹೊರಗೆ ಹೋಗಿದೆ. ಯಾರು ಅಂತ ನೀವೇ ಹೇಳಿ" ಎಂದಷ್ಟೇ ಕೇಳುತ್ತಿದ್ದಳು. ಮೇಷ್ಟ್ರು ಹೊರಗಿನ ಓಣಿಯಲ್ಲಿ ಗೋಡೆಗೆ ಅಂಟಿಕೊಂಡು ದಾಟಿದರು.

ಸಿಸ್ಟರ್ ತರಬೇತಿಯಿಂದ ಬಂದವಳೇ ಡಾಕ್ಟರ ಮುಂದೆ ನಿಲ್ಲಬೇಕಾಯಿತು. ಆ ಮನೆಗೆ ಹೋಗುತ್ತಿದ್ದವಳು ಅವಳೊಬ್ಬಳೇ. ಹೇಳಿದ್ದರೆ ಅವಳೇ ಹೇಳಿರಬೇಕು ಎಂದು ಲೆಕ್ಕ ಹಾಕಿದರು. ವಿಚಾರಣೆ ಮುಗಿಯುವವರೆಗೆ ಯಾರ ಮನೆಗೂ ಹೋಗಕೂಡದು, ಕಚೇರಿಯಲ್ಲಿ ಹತ್ತಿ ಉಂಡೆ ಮಾಡಿಕೊಂಡು ಕೂತಿರು ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಆ ಎತ್ತು ಪಕ್ಕದ ಕೋಣೆಯಲ್ಲೇ ಫೈಲಿಗೆ ಮುಖ ಹುದುಗಿಸಿ ಕೂತಿತ್ತು.

ಇನ್ನೂ ಕೆಟ್ಟದ್ದು ಎರಡು ದಿನ ಬಿಟ್ಟು ನಡೆಯಿತು. ಸಿಬ್ಬಂದಿ ಸಭೆಯಲ್ಲಿ ಡಾಕ್ಟರು ಹೊಸ ನಕ್ಷೆ ಎತ್ತಿ ಹಿಡಿದರು. "ನೋಡಿ, ಎಲ್ಲೂ ಒಂದು ಮನೆ ಗೊತ್ತಾಗಲ್ಲ. ಸಭೆಗೆ ಹಾಕಿದ್ದೂ ಚೆನ್ನಾಗೇ ಇತ್ತು, ಆದ್ರೂ ಮೇಷ್ಟ್ರು ತಾವಾಗೇ ಯೋಚಿಸಿ ಇದನ್ನ ಬದಲಾಯಿಸಿದ್ದಾರೆ. ಗುಟ್ಟು ಕಾಪಾಡೋದು ಅಂದ್ರೆ ಇದು. ಕೆಲವರು ಇವರನ್ನ ನೋಡಿ ಕಲೀಬೇಕು."

'ಕೆಲವರು' ಎಂದಾಗ ಎಲ್ಲರ ಕಣ್ಣೂ ಸಿಸ್ಟರ್ ಕಡೆ ಹೊರಳಿತು. ಅವಳು ತಲೆ ತಗ್ಗಿಸಿದಳು. ಮೇಷ್ಟ್ರನ್ನು ಈಗ ಹೇಳು, ಈಗ ಹೇಳು ಎಂದು ಒಳಗಿನಿಂದ ಯಾರೋ ತಿವಿಯುತ್ತಿದ್ದರು. ನಾಲಿಗೆ ಹೊರಳಲಿಲ್ಲ. "ನನ್ನ ಕರ್ತವ್ಯ ಸಾರ್" ಎಂದಿತು ಬಾಯಿ. ಆ ಮೂರು ಪದವನ್ನು ಎಷ್ಟೋ ವರ್ಷದ ಮೇಲೂ ನೆನೆದರೆ ಅವರಿಗೆ ತಮ್ಮ ಬಾಯನ್ನೇ ಸೀಗೆಪುಡಿ ಹಾಕಿ ತಿಕ್ಕಬೇಕು ಎನಿಸುತ್ತಿತ್ತು.

ದಿನಗಳು ಕಳೆದವು. ಡಾಕ್ಟರು ಬೇರೊಬ್ಬ ನರ್ಸನ್ನು ಜೀಪಿನಲ್ಲಿ ಕಳಿಸಿದರು. ಮೂವತ್ತೊಂದು ಮನೆಗಳಲ್ಲಿ ಒಂಬತ್ತು ಮನೆಯವರು ಬಾಗಿಲೇ ತೆಗೆಯಲಿಲ್ಲ. 'ಆ ಹೆಸರಿನವರು ಇಲ್ಲಿಲ್ಲ' ಎಂದು ಒಬ್ಬ ಮುದುಕ ಕಿಟಕಿಯಿಂದಲೇ ಹೇಳಿ ಕಳಿಸಿದನಂತೆ. ಮಾತ್ರೆ ಹಾಗೇ ಜೀಪಿನಲ್ಲಿ ವಾಪಸ್ ಬಂದವು. ಆ ಮಾತ್ರೆ ಒಂದು ದಿನವೂ ತಪ್ಪಬಾರದು ಎಂದು ಯೋಜನೆಯ ಮೊದಲ ಪುಟದಲ್ಲಿ ಮೇಷ್ಟ್ರೇ ಬರೆದಿದ್ದರು.

ಕಚೇರಿಯಲ್ಲೇ ಕೂರಿಸಿದ ಹನ್ನೊಂದನೆಯ ದಿನ ಮಧ್ಯಾಹ್ನ ಸಿಸ್ಟರ್ ಎರಡು ಲೋಟ ಟೀ ಹಿಡಿದುಕೊಂಡು ಅವರ ಕೋಣೆಗೆ ಬಂದಳು. ಈ ಹನ್ನೊಂದು ದಿನವೂ ಬರುತ್ತಿದ್ದಳು. ಕಚೇರಿಯಲ್ಲಿ ಉಳಿದವರು ಅವಳೊಂದಿಗೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

"ಮೇಷ್ಟ್ರೇ, ಒಂದು ಕೇಳ್ತೀನಿ, ನಗಬಾರದು."

"ಕೇಳಮ್ಮ."

"ಮನುಷ್ಯರು ತಮಗೆ ಗೊತ್ತಿಲ್ಲದ ಹಾಗೆ ಬಾಯಿ ಬಿಡ್ತಾರಾ?" ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ಮೂರು ದಿನದಿಂದ ಇದೇ ಯೋಚನೆ. ತರಕಾರಿ ಅಂಗಡೀಲಿ ಏನಾದ್ರೂ ಅಂದೆನಾ? ನಮ್ಮಕ್ಕನ ಹತ್ರ ಅಂದೆನಾ? ಅಕ್ಕನ್ನ ಕೇಳಿದೆ, ನೀನೇನೂ ಅಂದಿಲ್ಲ ಅಂತಾಳೆ. ಆದ್ರೂ ಎಲ್ಲೋ ನಾನೇ ಹೇಳಿಬಿಟ್ಟು ಮರೆತಿದ್ದೀನೇನೋ ಅಂತ. ಆ ಹುಡುಗಿ, ಟೈಲರಮ್ಮನ ಮಗಳು, ನನ್ನನ್ನ ಸೈಕಲ್ ಅತ್ತೆ ಅನ್ನೋಳು. ಮೊನ್ನೆ ಬೀದೀಲಿ ಸಿಕ್ಕಾಗ ನನ್ನ ಮುಂದೇನೇ ಉಗುಳಿ ಹೋದಳು. ಸುಮ್ನೆ ಉಗುಳ್ತಾಳಾ ಮಕ್ಕಳು? ನಾನೇ ಮಾಡಿರಬೇಕು ಮೇಷ್ಟ್ರೇ. ಒಪ್ಪಿಕೊಂಡು ಬರೆದುಕೊಡಲಾ ಅಂತಿದ್ದೀನಿ."

ಮೇಷ್ಟ್ರಿಗೆ ಅಲ್ಲಿಗೆ ಸಾಕಾಯಿತು. ಮಾಡದ ತಪ್ಪನ್ನು ಅವಳು ತನ್ನದೆಂದು ನಂಬುವ ಹಂತಕ್ಕೆ ಬಂದಿದ್ದಳು.

"ನೀನಲ್ಲ. ನಾನು" ಎಂದರು. ಮೇಜು ನೋಡುತ್ತಲೇ ಎಲ್ಲ ಹೇಳಿದರು. ನಕ್ಷೆ ಹಾಕಿದ್ದು, ಮೀಟರಿನವನು ನೋಡಿದ್ದು, ಹರಿದದ್ದು, ಹೊಸದು ಬರೆದದ್ದು.

ಸಿಸ್ಟರ್ ಲೋಟವನ್ನು ಮೇಜಿನ ಮೇಲಿಟ್ಟಳು. ಆಮೇಲೆ ಕೇಳಿದಳು: "ಯಾವತ್ತು ಗೊತ್ತಾಯ್ತು ನಿಮಗೆ?"

"ನೀನು ತರಬೇತಿಯಿಂದ ಬರೋಕೆ ಮುಂಚೇನೇ."

"ತಪ್ಪು ಯಾರಿಗೂ ಆಗತ್ತೆ. ಆ ಹಾಳೆ ಕೊಟ್ಟ ನನ್ನದೂ ಒಂದು ತಪ್ಪೇ. ಆದ್ರೆ ಹನ್ನೊಂದು ದಿನ, ನಾನು ತಂದ ಟೀನ ನನ್ನ ಎದುರಿಗೇ ಕೂತು ಕುಡಿದ್ರಲ್ಲ?" ಅವಳು ಎದ್ದಳು. ಎರಡೂ ಲೋಟ ತೆಗೆದುಕೊಂಡು ಹೋದಳು. ಮೇಷ್ಟ್ರದು ಇನ್ನೂ ಅರ್ಧ ಉಳಿದಿತ್ತು.

ಡಾಕ್ಟರಿಗೆ ಹೇಳುವುದು ಅದಕ್ಕಿಂತ ಸುಲಭವಾಯಿತು. ಅವರು ಕೇಳಿ ಕನ್ನಡಕ ತೆಗೆದು ಒರೆಸಿದರು, ಬಾಗಿಲು ಮುಚ್ಚಿಬರಲು ಹೇಳಿದರು. "ಆ ನಕ್ಷೇನ ಸಭಾಂಗಣದಲ್ಲಿ ನಾನೂ ನೋಡಿದ್ದೆ. ನನಗೂ ಹೊಳೀಲಿಲ್ಲ. ಈಗ ಯೋಜನೆ ಮೇಲಕ್ಕೆ ಹೋಗೋ ಹೊತ್ತು ಮೇಷ್ಟ್ರೇ. ಸಿಸ್ಟರನ್ನ ನಾಳೇನೇ ಕೆಲಸಕ್ಕೆ ಕಳಿಸ್ತೀನಿ. ಸಾಕ್ಷಿ ಸಿಗಲಿಲ್ಲ ಅಂತ ಬರೆದು ಮುಗಿಸೋಣ. ನಿಮಗೂ ಒಳ್ಳೇದು, ಕಚೇರಿಗೂ ಒಳ್ಳೇದು."

"ಸಾಕ್ಷಿ ಸಿಗಲಿಲ್ಲ ಅಂದ್ರೆ ಅವಳೇ ಅಂತ ಊರು ಅಂದುಕೊಳ್ಳುತ್ತೆ ಸಾರ್."

"ಊರು ಮರೆಯುತ್ತೆ ಬಿಡಿ."

ಮೇಷ್ಟ್ರು ಅಲ್ಲೇ ಕೂತು ಒಂದು ಹಾಳೆಯಲ್ಲಿ ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿದರು. ಡಾಕ್ಟರು ಅದನ್ನು ಮುಟ್ಟಲಿಲ್ಲ. ಮೇಷ್ಟ್ರು ಅದರ ಒಂದು ಪ್ರತಿಯನ್ನು ಸೂಚನಾ ಫಲಕಕ್ಕೆ ತಾವೇ ಅಂಟಿಸಿದರು. ಮೀಟರಿನವನ ಹೆಸರಾಗಲಿ, ಟೈಲರಮ್ಮನ ಸುಳಿವಾಗಲಿ ಅದರಲ್ಲಿರಲಿಲ್ಲ. 'ಗುಟ್ಟು ಹೊರಬಿದ್ದದ್ದು ನನ್ನ ಕೈಯಿಂದ, ಸಿಸ್ಟರ್ ನಿರ್ದೋಷಿ' ಎಂದಷ್ಟೇ ಇತ್ತು. ಸಂಜೆಯೊಳಗೆ ಇಡೀ ಕಚೇರಿ ಓದಿತ್ತು. ಔಷಧಿ ಕೌಂಟರಿನವನು ಅಂದು ತಮಾಷೆ ಮಾಡಲಿಲ್ಲ.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿದ ಮೇಲೆ ಒಳಗೆ ಹೋದಳು. ಬಟ್ಟೆಯ ಗಂಟು ತಂದು ಅವರ ಮುಂದಿಟ್ಟಳು. "ಚುಕ್ಕೆ ಇಟ್ಟಿದ್ದು ನೀವು. ಗಂಟು ಹೊತ್ಕೊಂಡು ಬಂದಿದ್ದು ನಾನು. ಅವಳ ಮುಂದೇನೇ ಟೇಪು ಹಿಡಿದು ಅಳೆದು, ಬಟ್ಟೆ ಸರಿಯಾಗಿದೆಯಾ ಅಂತ ನೋಡಿ ತಂದೆ ಕಣ್ರೀ" ಎಂದು ಅತ್ತಳು. ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡುವ ಸ್ಥಿತಿಯಲ್ಲಿರಲಿಲ್ಲ.

ಮರುದಿನ ಮೇಷ್ಟ್ರು ಐಸ್ ಕಾರ್ಖಾನೆ ಹಿಂದಿನ ಗಲ್ಲಿಗೆ ಹೋದರು. ಈ ಬಾರಿ ಹೆಜ್ಜೆ ಎಣಿಸಲಿಲ್ಲ. ಬಾಗಿಲು ತೆರೆದೇ ಇತ್ತು. ಹೊಲಿಗೆ ಯಂತ್ರದ ಮೇಲೆ ಹೊದಿಕೆ ಹಾಕಿತ್ತು. ಗೋಡೆಯ ಮೊಳೆಗಳಲ್ಲಿ ಒಂದು ಬಟ್ಟೆಯೂ ತೂಗುತ್ತಿರಲಿಲ್ಲ. ಟೈಲರಮ್ಮ ನೆಲದ ಮೇಲೆ ಕೂತು ಹಳೆಯ ಗುಂಡಿಗಳನ್ನು ಬಣ್ಣ ಬಣ್ಣವಾಗಿ ವಿಂಗಡಿಸುತ್ತಿದ್ದಳು.

ಮೇಷ್ಟ್ರು ನಿಂತೇ ಹೇಳಿದರು. ಕೊನೆಗೆ "ಕ್ಷಮಿಸಿ ಅಂತ ಕೇಳೋಕೆ ಬಂದೆ" ಎಂದರು.

"ಅದನ್ನ ಕೇಳಬೇಡಿ ಸಾರ್." ಅವಳು ಗುಂಡಿಗಳಿಂದ ಕಣ್ಣೆತ್ತಲಿಲ್ಲ. "ಆಯ್ತು ಅಂದ್ರೆ ನೀವು ಮನೆಗೆ ಹೋಗಿ ಉಂಡು ನಿದ್ದೆ ಮಾಡ್ತೀರಿ. ನನಗೇನು ಬಂತು? ನನ್ನ ಗಿರಾಕಿ ಬರ್ತಾರಾ?"

ಕೈಯಲ್ಲಿದ್ದ ಗುಂಡಿಯನ್ನು ಅವಳು ಬಿಳಿಯ ಗುಂಪಿಗೆ ಹಾಕಿದಳು.

"ಒಂದು ಕೆಲಸ ಮಾಡಿ. ನನ್ನ ಮಗಳು ಒಳಗಿದ್ದಾಳೆ, ಶಾಲೆಗೆ ಹೋಗಲ್ಲ ಅಂತ ಕೂತಿದ್ದಾಳೆ. ಸಿಸ್ಟರ್ ಅಂದ್ರೆ ಅವಳಿಗೆ ಪ್ರಾಣ ಆಗಿತ್ತು. ಅವಳೇ ನಮಗೆ ಮೋಸ ಮಾಡಿದಳು ಅಂತ ತಿಳ್ಕೊಂಡಿದ್ದಾಳೆ, ನಾನೂ ಹಾಗೇ ಅಂದುಕೊಂಡಿದ್ದೆ. ಯಾರನ್ನೂ ನಂಬಬಾರದು ಅಂತ ಹನ್ನೆರಡನೇ ವಯಸ್ಸಿಗೇ ಕಲಿತುಬಿಟ್ಟಳು. ನಾನು ಹೇಳಿದ್ರೆ ನಂಬಲ್ಲ. ನೀವೇ ಹೇಳಿ."

ಡಾಕ್ಟರ ಮುಂದೆ, ಇಡೀ ಕಚೇರಿಯ ಮುಂದೆ ನಿಂತದ್ದು ಇದರ ಮುಂದೆ ಏನೂ ಅಲ್ಲ ಎನಿಸಿತು. ಒಳಕೋಣೆಯಲ್ಲಿ ಹುಡುಗಿ ಮಂಚದ ಮೇಲೆ ಮೊಣಕಾಲು ಕಟ್ಟಿಕೊಂಡು ಕೂತಿದ್ದಳು. ಮೇಷ್ಟ್ರು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತರು.

"ನಿನ್ನ ಸೈಕಲ್ ಅತ್ತೆ ಯಾರಿಗೂ ಏನೂ ಹೇಳಿಲ್ಲ ಮಗಳೇ. ಹೊರಗೆ ಹಾಕಿದ್ದು ನಾನು."

"ನೀವ್ಯಾರು?"

"ಕಚೇರೀಲಿ ನಕ್ಷೆ ಬರೆಯೋನು."

"ನಮ್ಮಮ್ಮ ನಿಮಗೇನು ಮಾಡಿದ್ಲು?"

"ಏನೂ ಮಾಡಿಲ್ಲ."

"ಮತ್ತೆ ಯಾಕೆ ಹಾಕಿದ್ರಿ?"

ಸಹಾಯ ಮಾಡಲು ಎನ್ನಬಹುದಿತ್ತು. ಅದು ಅರ್ಧ ನಿಜವೂ ಹೌದು. ಹುಡುಗಿ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು. "ಚೆನ್ನಾಗಿ ಬರೆದಿದ್ದೀಯ ಅಂತ ನಾಲ್ಕು ಜನ ಹೇಳ್ಲಿ ಅಂತ ಹಾಕಿದೆ" ಎಂದರು ಮೇಷ್ಟ್ರು. ಈ ಮಾತನ್ನು ಅವರು ಕಾಗದದಲ್ಲೂ ಬರೆದಿರಲಿಲ್ಲ.

"ಹೇಳಿದ್ರಾ?"

"ಹೇಳಿದ್ರು."

ಹುಡುಗಿ ಗೋಡೆಯ ಕಡೆ ತಿರುಗಿದಳು. "ನಾನು ಅತ್ತೆ ಮುಂದೆ ಉಗುಳಿದೆ" ಎಂದಳು. ದನಿ ಒಡೆಯಿತು. ಹೊರಗಿದ್ದ ತಾಯಿ ಎದ್ದು ಬಂದಳು. ಮೇಷ್ಟ್ರು ಸದ್ದಾಗದಂತೆ ಎದ್ದು ಹೊರಗೆ ಬಂದರು.

ಹುಡುಗಿ ಆ ವಾರವೇ ಸಿಸ್ಟರ್ ಮನೆಗೆ ಹೋದಳು ಎಂದು ಆಮೇಲೆ ತಿಳಿಯಿತು. ಬಾಗಿಲು ಮುಚ್ಚಿದ್ದ ಒಂಬತ್ತು ಮನೆಗಳಲ್ಲಿ ಏಳು ತೆರೆದವು. ಎರಡು ತೆರೆಯಲಿಲ್ಲ, ಕಿಟಕಿಯಿಂದ ಮಾತಾಡಿದ್ದ ಮುದುಕ ಊರು ಬಿಟ್ಟಿದ್ದ, ಎಲ್ಲಿಗೆಂದು ಯಾರಿಗೂ ತಿಳಿಯದು. ಮೇಷ್ಟ್ರ ಹೆಂಡತಿ ಬಟ್ಟೆ ಹಿಡಿದುಕೊಂಡು ಹೋದಾಗ ಟೈಲರಮ್ಮ "ಈಗ ಪುರುಸೊತ್ತಿಲ್ಲ" ಎಂದು ಕಳಿಸಿದಳು. ಯಂತ್ರದ ಹೊದಿಕೆ ಆಗಲೂ ತೆಗೆದಿರಲಿಲ್ಲವಂತೆ. ಸಿಸ್ಟರ್ ಮತ್ತೆ ಸೈಕಲ್ ಹತ್ತಿದಳು. ಆದರೆ ಮೇಷ್ಟ್ರನ್ನು ಮುಂದೆಂದೂ ಮೇಷ್ಟ್ರೇ ಎನ್ನಲಿಲ್ಲ, ಸಾರ್ ಎನ್ನುತ್ತಿದ್ದಳು.

ಮೇಲಿನವರು ಯೋಜನೆಯನ್ನು ವಾಪಸ್ ಕಳಿಸಿ, ಸೋಂಕಿನವರನ್ನೇ ಕೂರಿಸಿಕೊಂಡು ಮತ್ತೆ ಬರೆಯಿರಿ ಎಂದರು. ಹೊಣೆ ಬೇರೊಬ್ಬರಿಗೆ ಹೋಯಿತು. ಮೇಷ್ಟ್ರಿಗೆ ಉಳಿದದ್ದು ಸಭೆಯಲ್ಲಿ ಆಡಿದ್ದನ್ನು ಬರೆದುಕೊಳ್ಳುವ ಕೆಲಸ. ಮೊದಲ ಸಭೆಯ ದಿನ ಯಾರು ಬರುತ್ತಾರೋ ಎಂದು ಎಲ್ಲರೂ ಬಾಗಿಲು ನೋಡುತ್ತಿದ್ದಾಗ ಐದು ಜನ ಬಂದರು. ಐದನೆಯವಳು ಟೈಲರಮ್ಮ. ಗುಟ್ಟು ಹೇಗೂ ಬೀದಿಗೆ ಬಿದ್ದಿದೆ, ಉಳಿದವರದ್ದಾದರೂ ಉಳಿಯಲಿ ಎಂದು ಬಂದೆ ಎಂದಳು. ಮೇಷ್ಟ್ರ ಎದುರಿನ ಕುರ್ಚಿ ಮಾತ್ರ ಖಾಲಿಯಿತ್ತು. ಅವಳು ಒಂದು ಕ್ಷಣ ನಿಂತು, ಅಲ್ಲೇ ಕೂತಳು.

ಅವಳಿಗೆ ಹೇಳಲು ಬಹಳ ಇತ್ತು. ಮಾತ್ರೆ ಕೊಡುವ ಕಿಟಕಿ ಮುಂಬಾಗಿಲಿಗೆ ನೇರ ಇರಕೂಡದು. ಮಂಗಳವಾರ ಮಾತ್ರ ಎಂದರೆ ಮಂಗಳವಾರ ಬರುವವರೆಲ್ಲ ಯಾರೆಂದು ಊರಿಗೆ ಗೊತ್ತಾಗುತ್ತದೆ. ಎಲ್ಲ ದಿನ, ಎಲ್ಲ ಕಾಯಿಲೆಯವರ ಜೊತೆಗೇ ಕೊಡಿ. ನರ್ಸ್ ಬರುವುದು ಬೇಕೋ ಬೇಡವೋ ಎಂದು ಮೊದಲು ಆ ಮನೆಯವರನ್ನು ಕೇಳಿ. ಕೆಲಸ ಹೋದವರಿಗೆ ಕೆಲಸ ಹುಡುಕಿಕೊಡುವುದೂ ಆರೈಕೆಯೇ, ಅದನ್ನು ಯಾರೂ ಬರೆದಿಲ್ಲ. ಮೇಷ್ಟ್ರು ತಲೆಯೆತ್ತದೆ ಬರೆಯುತ್ತಿದ್ದರು.

"ಏನು ಬರ್ಕೊಂಡ್ರಿ ಸಾರ್? ಓದಿ" ಎಂದಳು.

ಮೇಷ್ಟ್ರು ಓದಿದರು. "ಫಲಾನುಭವಿಗಳ ಒಪ್ಪಿಗೆಯಿಲ್ಲದೆ ಅವರ ವಿವರವನ್ನು..."

"ನಾನು ಹಾಗೆ ಅನ್ನಲಿಲ್ಲ. 'ನಮ್ಮನ್ನ ಕೇಳದೆ' ಅಂದೆ. ಹಾಗೇ ಬರೀರಿ."

ಮೇಷ್ಟ್ರು ಆ ಸಾಲು ಹೊಡೆದುಹಾಕಿ, ಅವಳು ಅಂದ ಹಾಗೆಯೇ ಬರೆದರು. ಅಕ್ಷರಗಳು ಸೊಟ್ಟಗಾದವು. ಅವಳು ಬಗ್ಗಿ ನೋಡಿದಳು, ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು ಮುಂದಿನ ವಿಷಯಕ್ಕೆ ಹೋದಳು.